ನಾಲ್ಕನೇ ತರಗತಿಯ ಅಕ್ಕೋರಿಗೆ ಅತ್ತೆಯ ಕಾಗದ

ಶಿರಸಿ

ಚಿ. ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದು ಬೇಡ. ಪಾಠದ ನಡುವೆ ಡೆಸ್ಕ್ ಬಡಿಯುವ ಹುಡುಗನ ಬಗ್ಗೆ ನಿನ್ನ ಕಾಗದದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, "ಒಂದು ದಿನ ಆ ಹುಡುಗನಿಗೆ ಹೊಡೆದೇಬಿಡುತ್ತೇನೇನೋ ಅಂತ ಹೆದರಿಕೆ" ಅಂತ. ಅದನ್ನು ಓದಿದ ಮೇಲೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ, ಮಕ್ಕಳಿಗೆ ಹೊಡೆಯಬಾರದು ಅನ್ನುವ 17ನೇ ಕಲಮು, ಎಲ್ಲ ನಿನಗೆ ಬಾಯಿಪಾಠ. ಗೊತ್ತಿದ್ದೂ ಹೆದರಿಕೆ ಆಗುತ್ತಿದೆ ಅಂದಮೇಲೆ ನಾನು ಕಾನೂನು ಹೇಳಿ ಏನು ಪ್ರಯೋಜನ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಕೋಣೆಯಲ್ಲಿ ಒಬ್ಬ ಮಾಸ್ತರಿದ್ದರು. ಅವರು ಮೇಜಿನ ಮೇಲೆ ಬೆತ್ತ ಇಟ್ಟರೆ ಸಾಕು, ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ. ಸಾಹೇಬರು ಬಂದಾಗ ಹೊಗಳಿಕೆಯೆಲ್ಲ ಅವರಿಗೇ. ನನ್ನ ಕೋಣೆ ಸಂತೆ. ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೆ ಗೊತ್ತಾ? ಅವರು ರಜೆ ಹಾಕಿದ ದಿನ ಆ ಕೋಣೆಯ ಗಲಾಟೆ ರಸ್ತೆವರೆಗೆ ಕೇಳುತ್ತಿತ್ತು. ಅದರ ಅರ್ಥ ಆಗ ಹೊಳೆಯಲಿಲ್ಲ. ನನ್ನ ಹುಡುಗರ ಗದ್ದಲದಲ್ಲೂ ಖುಷಿ ಇತ್ತು. ಅದನ್ನು ಕಿವಿಗೊಟ್ಟು ಕೇಳಲಿಲ್ಲವಲ್ಲ ಅಂತ ಈಗ ಬೇಜಾರು. ಇರಲಿ.

ಮನೋವಿಜ್ಞಾನಿ ಸ್ಕಿನ್ನರನ ಪೆಟ್ಟಿಗೆ, ಅದರೊಳಗಿನ ಇಲಿ, ಓದಿದ್ದೀಯಲ್ಲ. ಇಲಿ ಸನ್ನೆಕೋಲು ಒತ್ತಿದರೆ ತಿನ್ನಲು ಸಿಗುತ್ತದೆ, ಸಿಕ್ಕರೆ ಮತ್ತೆ ಒತ್ತುತ್ತದೆ. ನಾವು ಯಾವಾಗಲೂ ಹುಡುಗರನ್ನೇ ಇಲಿಯ ಜಾಗದಲ್ಲಿ ಕೂರಿಸುತ್ತೇವೆ. ಒಮ್ಮೆ ಅಕ್ಕೋರನ್ನು ಕೂರಿಸಿ ನೋಡು. ಒಂದೇಟು ಬಿತ್ತು, ತರಗತಿ ಗಪ್‌ಚಿಪ್. ತಲೆ ತಿನ್ನುತ್ತಿದ್ದ ಗಲಾಟೆ ನಿಂತದ್ದೇ ನಿನ್ನ ಕೈಗೆ ಸಿಕ್ಕ ಬಹುಮಾನ. ಋಣಾತ್ಮಕ ಪುನರ್ಬಲನ ಅಂದರೆ ಇದೇ ಅಲ್ವಾ? ಹುಡುಗ ಕಲಿಯುವುದು ಕಮ್ಮಿ, ಕೈ ಕಲಿಯುವುದು ಜಾಸ್ತಿ. ಅದಕ್ಕೇ ನಿನ್ನ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಲಾರೆ ಕೂಸೇ. ಮೊದಲನೆಯ ಏಟೇ ಕಷ್ಟ, ಎರಡನೆಯದು ತಾನಾಗಿ ಬೀಳುತ್ತದೆ.

ಆ ಹುಡುಗ ಡೆಸ್ಕ್ ಬಡಿದಾಗಲೆಲ್ಲ ನೀನು ಪಾಠ ಬಿಟ್ಟು ಹೆಸರು ಕೂಗುತ್ತೀಯ. ಎಲ್ಲರೂ ತಿರುಗಿ ನೋಡುತ್ತಾರೆ. ಬೈಗುಳವಾದರೂ ಅವನಿಗೆ ಅದೇ ಬೇಕಿರಬಹುದು. 1968ರಲ್ಲಿ ಮ್ಯಾಡ್ಸನ್, ಬೆಕರ್, ಥಾಮಸ್ ಅನ್ನುವವರು ಅಮೆರಿಕದ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿದ್ದರು. ಬರೀ ನಿಯಮ ಹೇಳಿದ್ದರಿಂದ ಹೆಚ್ಚೇನೂ ಆಗಲಿಲ್ಲ. ಸಣ್ಣ ತಂಟೆಯನ್ನು ಕಂಡೂ ಕಾಣದ ಹಾಗೆ ಬಿಟ್ಟು, ಒಳ್ಳೆಯದನ್ನು ಕಂಡ ಕೂಡಲೇ ಮೆಚ್ಚಿದಾಗ ತರಗತಿ ಬದಲಾಯಿತು. "ಜಾಣ" ಅಂದರೆ ಸಾಲದು. "ಲೆಕ್ಕ ಮುಗಿಯುವವರೆಗೆ ಪಟ್ಟಿಯಿಂದ ಕೈ ತೆಗೆಯಲಿಲ್ಲವಲ್ಲ ನೀನು" ಅನ್ನು. ಅವನಿಗಷ್ಟೇ ಕೇಳುವ ಹಾಗೆ.

ಆದರೆ ನೀನು ಲಕ್ಷ್ಯ ಕೊಡದಿದ್ದರೆ ಬಡಿತ ಮೊದಲು ಇನ್ನೂ ಜೋರಾಗಬಹುದು. ಆಮೇಲೇ ಇಳಿಯುವುದು. ನಡುವೆ ಸೋತು ಕೂಗಿದರೆ, ಜೋರಾಗಿ ಬಡಿದರೆ ಸಿಗುತ್ತದೆ ಅಂತ ಅವನು ಕಲಿತ ಹಾಗೆ. ಆ ನಾಲ್ಕು ದಿನ ನೆನೆದರೇ ನನಗೂ ಹೆದರಿಕೆ, ಕೈ ಮೇಲೇಳುವುದು ಆಗಲೇ. ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಪಾಠ ಮಾಡು. ನಗಬೇಡ. ಬೇರೆ ಮಗುವಿಗೆ ಪೆಟ್ಟಾಗುವ ಹಾಗಿದ್ದರೆ ಮಾತ್ರ ಸುಮ್ಮನಿರಬೇಡ, ಹೋಗಿ ತಡೆ.

ಚಾಕಲೇಟು ಹಂಚುತ್ತಿದ್ದೀಯಂತೆ. ಬೇಡ ಅನ್ನಲು ನಾನ್ಯಾರು? ಆದರೂ, 1973ರಲ್ಲಿ ಲೆಪ್ಪರ್ ಮತ್ತು ಜೊತೆಗಾರರು ನೋಡಿದ್ದು ನೆನಪಿರಲಿ. ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿ ಚಿತ್ರ ಬಿಡಿಸಿದ ಪುಟ್ಟ ಮಕ್ಕಳು, ಆಮೇಲೆ ತಾವಾಗಿ ಬಿಡಿಸುವುದನ್ನು ಕಮ್ಮಿ ಮಾಡಿದ್ದವು.

ಇನ್ನೊಂದು. ಇದೆಲ್ಲ ಆಗಸ್ಟ್‌ನಿಂದ ಶುರುವಾಯಿತು ಅಂತ ಬರೆದಿದ್ದೀಯ. ಅವನ ಅಪ್ಪ ಬೋಟಿನವ. ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ಬೋಟು ಕಡಲಿಗಿಳಿಯುವುದೂ ಆಗಲೇ. ಎರಡು ತಿಂಗಳು ಮನೆಯಲ್ಲಿದ್ದ ಅಪ್ಪ ಹೊರಟುಬಿಟ್ಟ. ಸಂಬಂಧ ಇದೆಯೋ ಇಲ್ಲವೋ, ಯಾವ ದಿನ, ಯಾವ ಹೊತ್ತಿಗೆ ಬಡಿಯುತ್ತಾನೆ ಅಂತ ಒಂದು ವಾರ ಗೀಟು ಹಾಕಿ ನನಗೆ ಕಳಿಸು. ಅಷ್ಟರೊಳಗೆ ಕೈ ಎದ್ದೇಳುವ ಹಾಗಾದರೆ ಶಾಲೆಯಿಂದಲೇ ಫೋನ್ ಮಾಡು. ಮಧ್ಯಾಹ್ನ ಮಲಗಿದ್ದರೂ ಎತ್ತುತ್ತೇನೆ.

ನಿನ್ನ ಅತ್ತೆ