ರೆಕ್ಕೆಯ ಮೇಲೆ ಇಳಿದ ಫಿಟ್ಟರ್

ನವೆಂಬರ್ ಬಂತೆಂದರೆ ನಮಗೆ ರಾಜ್ಯೋತ್ಸವದ ಗಡಿಬಿಡಿ, ಇಲ್ಲಿ ಬ್ರಿಟನ್ನಿನವರ ಕೋಟಿನ ಮೇಲೆ ಯುದ್ಧದಲ್ಲಿ ಸತ್ತವರ ನೆನಪಿನ ಕೆಂಪು ಪಾಪಿ ಹೂ. ಶಾಲೆಯಿಂದ ಬಂದ ಮಕ್ಕಳು ಯುದ್ಧದ ಬಗ್ಗೆ ಕೇಳುವುದೂ ಈ ತಿಂಗಳಲ್ಲೇ. ಕೇಳಿದರೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದ ನಾರ್ಮನ್ ಜಾಕ್ಸನ್ ಅವರ ಬದುಕನ್ನು ಹೇಳಬಹುದು. ಅವರಿಗೆ ಸಿಕ್ಕಿದ್ದು ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್. ಅದನ್ನು ಪಡೆದವರ ಕಥೆಗಳನ್ನು ಪವಾಡದ ಹಾಗೆ ಹೇಳುವುದು ರೂಢಿ. ಜಾಕ್ಸನ್ ಮಾಡಿದ್ದರಲ್ಲಿ ಪವಾಡಕ್ಕಿಂತ ಎಂಜಿನ್ ಬಲ್ಲವನೊಬ್ಬನ ಲೆಕ್ಕಾಚಾರ ಹೆಚ್ಚು ಕಾಣುತ್ತದೆ.

ಹುಟ್ಟಿದ್ದು 1919ರ ಏಪ್ರಿಲ್ 8ರಂದು, ಲಂಡನ್ನಿನ ಈಲಿಂಗ್‌ನಲ್ಲಿ. ಕೂಸಾಗಿದ್ದಾಗಲೇ ಗಂಟರ್ ಎಂಬ ಕುಟುಂಬ ದತ್ತು ತೆಗೆದುಕೊಂಡಿತು. ಫಿಟ್ಟರ್-ಟರ್ನರ್ ಕೆಲಸ ಕಲಿತು 1939ರಲ್ಲಿ ವಾಯುಪಡೆ ಸೇರಿದರು. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ, ನೀರಿನ ಮೇಲಿಳಿಯುವ ಸಂಡರ್‌ಲ್ಯಾಂಡ್ ವಿಮಾನಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ಆಮೇಲೆ ಫ್ಲೈಟ್ ಇಂಜಿನಿಯರ್ ತರಬೇತಿ ಪಡೆದು 1943ರಲ್ಲಿ 106ನೇ ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್ ಹತ್ತಿದರು.

ಏಳು ಜನರ ಆ ವಿಮಾನದಲ್ಲಿ ಪೈಲಟ್ ಒಬ್ಬನೇ. ಅವನ ಬಲಗಡೆಯ ಮಡಚುವ ಸೀಟಿನಲ್ಲಿ ಫ್ಲೈಟ್ ಇಂಜಿನಿಯರ್. ನಾಲ್ಕು ಮರ್ಲಿನ್ ಎಂಜಿನ್‌ಗಳ ಬಿಸಿ, ಎಣ್ಣೆಯ ಒತ್ತಡ ನೋಡುವುದು, ಪೆಟ್ರೋಲಿನ ಲೆಕ್ಕ ಬರೆಯುವುದು ಅವನ ಪಾಲಿನ ಕೆಲಸ. ಒಂದೊಂದು ರೆಕ್ಕೆಯಲ್ಲಿ ಮೂರು ಟ್ಯಾಂಕ್: ಮೈಗೆ ಹತ್ತಿರದ್ದು 580 ಗ್ಯಾಲನ್, ಎರಡು ಎಂಜಿನ್‌ಗಳ ನಡುವಿನದು 383, ತುದಿಯದು 114. ತುದಿಯ ಟ್ಯಾಂಕಿನಿಂದ ನೇರವಾಗಿ ಎಂಜಿನ್‌ಗೆ ಪೆಟ್ರೋಲ್ ಹೋಗದು, ನಡುವಿನದಕ್ಕೆ ಇಳಿಸಿಕೊಳ್ಳಬೇಕು. ಟ್ಯಾಂಕ್ ತೂತಾದರೆ ಸೋರಿ ಹೋಗುವ ಮುಂಚೆ ಅದರ ಪೆಟ್ರೋಲನ್ನೇ ಮೊದಲು ಉರಿಸಿ ಮುಗಿಸಬೇಕು. ಲೆಕ್ಕ ತಪ್ಪಿದರೆ ಮನೆಗೆ ಮರಳುವ ದಾರಿಯಲ್ಲಿ ಸಮುದ್ರದ ಮೇಲೆಯೇ ಎಂಜಿನ್ ನಿಲ್ಲುತ್ತದೆ.

ಮೂವತ್ತು ದಾಳಿ ಮುಗಿದರೆ ಒಂದು ಸರದಿ ಮುಗಿದಂತೆ. ಹಿಂದೊಮ್ಮೆ ಬೇರೆ ತಂಡದ ಜೊತೆ ಹಾರಿದ್ದರಿಂದ ಜಾಕ್ಸನ್ ತಮ್ಮವರಿಗಿಂತ ಒಂದು ದಾಳಿ ಮುಂದಿದ್ದರು. ಅವರ ಮೂವತ್ತು ಆಗಲೇ ಮುಗಿದಿತ್ತು. ಆದರೂ ಗೆಳೆಯರ ಸರದಿ ಮುಗಿಯಲಿ ಎಂದು 1944ರ ಏಪ್ರಿಲ್ 26ರ ರಾತ್ರಿ ಮತ್ತೆ ಹೊರಟರು. ಮೊದಲ ಮಗ ಹುಟ್ಟಿದ ಸುದ್ದಿ ಆಗಷ್ಟೇ ಬಂದಿತ್ತು. ಗುರಿ ಜರ್ಮನಿಯ ಬಾಲ್ ಬೇರಿಂಗ್ ಕಾರ್ಖಾನೆಗಳ ಊರು ಶ್ವೈನ್‌ಫರ್ಟ್. ದಾಳಿ ಕೆಟ್ಟದಾಗಿ ಹೋಯಿತು. ಎದುರುಗಾಳಿ ಅಂದಾಜಿಗಿಂತ ಜೋರಾಗಿದ್ದು ವಿಮಾನಗಳು ತಡವಾದವು, ಗುರಿ ತೋರಿಸಲು ಬೀಳಿಸುವ ಗುರುತಿನ ದೀಪಗಳು ಸರಿಯಾದ ಜಾಗಕ್ಕೆ ಬೀಳಲಿಲ್ಲ. ಆ ರಾತ್ರಿ 21 ಲ್ಯಾಂಕಾಸ್ಟರ್‌ಗಳು ಮರಳಲಿಲ್ಲ.

ಬಾಂಬ್ ಹಾಕಿ ಮೇಲೇರುತ್ತಿದ್ದಾಗ, ಸುಮಾರು 20,000 ಅಡಿ ಎತ್ತರದಲ್ಲಿ ಜರ್ಮನ್ ಫೈಟರ್ ಎರಗಿತು. ಬಲ ರೆಕ್ಕೆಯ ಮೇಲ್ಭಾಗದಲ್ಲಿ, ವಿಮಾನದ ಮೈಗೂ ಒಳ ಎಂಜಿನ್‌ಗೂ ನಡುವೆ, ಪೆಟ್ರೋಲ್ ಟ್ಯಾಂಕಿನ ಪಕ್ಕ ಬೆಂಕಿ ಹತ್ತಿತು. ಅದೇ 580 ಗ್ಯಾಲನ್ನಿನ ಟ್ಯಾಂಕ್. ಎಂಜಿನ್‌ಗೆ ಬೆಂಕಿ ಬಿದ್ದರೆ ಆರಿಸಲು ಕಾಕ್‌ಪಿಟ್‌ನಲ್ಲೇ ಗುಂಡಿಗಳಿದ್ದವು. ರೆಕ್ಕೆಯ ಬೆಂಕಿಗೆ ಯಾವ ಗುಂಡಿಯೂ ಇರಲಿಲ್ಲ. ಇದು ಜಾಕ್ಸನ್‌ಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತು. ಕಾಲಿಗೂ ಭುಜಕ್ಕೂ ಚೂರುಗಳು ನಾಟಿದ್ದರೂ, ತಾನು ಆರಿಸಿ ನೋಡುತ್ತೇನೆಂದು ವಿಮಾನದ ಕ್ಯಾಪ್ಟನ್ ಆಗಿದ್ದ ಪೈಲಟ್ ಫ್ರೆಡ್ ಮಿಫ್ಲಿನ್ ಅವರ ಒಪ್ಪಿಗೆ ಕೇಳಿದರು. ಬೆಂಕಿ ಆರಿಸುವ ಸಣ್ಣ ಸಿಲಿಂಡರನ್ನು ಜಾಕೆಟ್ಟಿನೊಳಗೆ ತುರುಕಿ, ಪ್ಯಾರಾಚೂಟ್ ಸಿಕ್ಕಿಸಿಕೊಂಡು, ಪೈಲಟ್ ತಲೆಯ ಮೇಲಿನ ಮುಚ್ಚಳ ಕಿತ್ತೆಸೆದು ಹೊರಬಿದ್ದರು. ಗಂಟೆಗೆ 320 ಕಿಲೋಮೀಟರ್ ಗಾಳಿ; ಅಷ್ಟು ಎತ್ತರದಲ್ಲಿ ಸಾಮಾನ್ಯವಾಗಿ ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿನ ಚಳಿ.

ಪೂರ್ತಿ ಹೊರಬರುವ ಮುಂಚೆಯೇ ಪ್ಯಾರಾಚೂಟ್ ಬಿಚ್ಚಿಕೊಂಡು ಕಾಕ್‌ಪಿಟ್‌ನೊಳಗೆ ಹರಡಿಬಿಟ್ಟಿತು. ಈ ಕಥೆ ಹೇಳುವವರು ಇಲ್ಲಿ ಓಡಿಬಿಡುತ್ತಾರೆ, ನಿಲ್ಲಬೇಕಾದದ್ದು ಇಲ್ಲೇ. ಪೈಲಟ್, ಬಾಂಬ್ ಹಾಕುವವ, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್ ಮೂವರೂ ಸೇರಿ ಬಟ್ಟೆಯನ್ನು ಒಟ್ಟುಮಾಡಿ, ಹಗ್ಗಗಳನ್ನು ಹಿಡಿದು, ಜಾಕ್ಸನ್ ತೆವಳಿದಷ್ಟೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಹೋದರು. ಉರಿಯುವ ವಿಮಾನದಿಂದ ಹಾರಿ ಜೀವ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಮಾಡಿದ ಕೆಲಸ ಅದು. ಜಾಕ್ಸನ್ ಜಾರಿ ರೆಕ್ಕೆಯ ಮೇಲೆ ಬಿದ್ದು, ಅದರ ಮುಂದಿನ ಅಂಚಿನಲ್ಲಿದ್ದ ಗಾಳಿ ಒಳಹೋಗುವ ಕಿಂಡಿಯನ್ನು ಹಿಡಿದುಕೊಂಡರು. ಸಿಲಿಂಡರ್ ಗಾಳಿಗೆ ಹಾರಿಹೋಯಿತು. ಕೈಯಲ್ಲಿ ಉಳಿದಿದ್ದರೂ ಅಷ್ಟು ಗಾಳಿಗೆ ಅದು ಪೆಟ್ರೋಲ್ ಬೆಂಕಿಯನ್ನು ಆರಿಸುತ್ತಿತ್ತೇ ಎನ್ನುವುದು ಅನುಮಾನವೇ. ಮುಖ, ಕೈ, ಬಟ್ಟೆ ಸುಟ್ಟು, ಹಿಡಿತ ತಪ್ಪಿ, ಜ್ವಾಲೆಯೊಳಗಿಂದಲೇ ರೆಕ್ಕೆಯ ಹಿಂದಕ್ಕೆ ಕೊಚ್ಚಿಹೋದರು. ಹಿಂದೆ ಬರುತ್ತಿದ್ದ ಪ್ಯಾರಾಚೂಟ್ ಅರ್ಧ ಮಾತ್ರ ಅರಳಿತ್ತು, ಅಲ್ಲಲ್ಲಿ ಉರಿಯುತ್ತಿತ್ತು.

ಆದರೂ ಬದುಕಿದರು. ಕಾಲಿನ ಗೆಣ್ಣು ಮುರಿದಿತ್ತು, ಬಲಗಣ್ಣು ಸುಟ್ಟು ಮುಚ್ಚಿತ್ತು, ಕೈಗಳು ಕೆಲಸಕ್ಕೆ ಬಾರದಾಗಿದ್ದವು. ಬೆಳಗಾದ ಮೇಲೆ ತೆವಳುತ್ತಾ ಹತ್ತಿರದ ಹಳ್ಳಿಗೆ ಹೋಗಿ ಸೆರೆ ಸಿಕ್ಕರು. ಹತ್ತು ತಿಂಗಳು ಆಸ್ಪತ್ರೆ. ಉಳಿದ ಆರು ಜನರಲ್ಲಿ ನಾಲ್ವರು ಕ್ಷೇಮವಾಗಿ ಇಳಿದರು. ಮಿಫ್ಲಿನ್ ಮತ್ತು ಹಿಂಬದಿಯ ಗನ್ನರ್ ಹ್ಯೂ ಜಾನ್ಸನ್ ಸತ್ತರು.

ಪದಕ ಪ್ರಕಟವಾದದ್ದು 1945ರ ಅಕ್ಟೋಬರ್ 26ರಂದು. ತಡಕ್ಕೆ ಕಾರಣ ಸರಳ: ನೋಡಿದವರೆಲ್ಲ ಸೆರೆಯಲ್ಲಿದ್ದರು. ಅವರು ಮರಳಿ ಬಂದು ಹೇಳಿದ ಮೇಲೆಯೇ ವಿಷಯ ಹೊರಬಿತ್ತು. ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನ 55,000ಕ್ಕೂ ಹೆಚ್ಚು ಸಿಬ್ಬಂದಿ ಆ ಯುದ್ಧದಲ್ಲಿ ಸತ್ತರು. ಏಳೂ ಜನ ಒಟ್ಟಿಗೆ ಸತ್ತ ವಿಮಾನಗಳಲ್ಲಿ ಯಾರು ಏನು ಮಾಡಿದರೆಂದು ಹೇಳುವವರು ಉಳಿಯಲಿಲ್ಲ. ಪದಕಗಳ ಪಟ್ಟಿ ಓದುವಾಗ ಇದು ನೆನಪಿರಲಿ. ಆ ಬಾಂಬುಗಳ ಕೆಳಗೆ ಇದ್ದವರಲ್ಲಿ ಕಾರ್ಖಾನೆಯ ಕೆಲಸಗಾರರ ಹೆಂಡತಿ ಮಕ್ಕಳೂ ಇದ್ದರು ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅದೇ ದಿನ ಪದಕ ಪಡೆಯಲು ಬಂದಿದ್ದ ಹಿರಿಯ ಅಧಿಕಾರಿ ಲಿಯೊನಾರ್ಡ್ ಚೆಶೈರ್, ಜಾಕ್ಸನ್‌ಗೇ ಮೊದಲು ಕೊಡಿ ಎಂದು ದೊರೆಯನ್ನು ಕೇಳಿಕೊಂಡರಂತೆ. ನಿಯಮ ಅದಕ್ಕೆ ಒಪ್ಪಲಿಲ್ಲ. ಮುಂದೆ ಜಾಕ್ಸನ್ ವಿಸ್ಕಿ ಕಂಪನಿಯೊಂದರ ಊರೂರು ತಿರುಗುವ ಮಾರಾಟಗಾರರಾಗಿ ದುಡಿದರು, ಏಳು ಮಕ್ಕಳನ್ನು ಸಾಕಿದರು. 1994ರ ಮಾರ್ಚ್‌ನಲ್ಲಿ ತೀರಿಕೊಂಡರು, ಸಮಾಧಿ ಟ್ವಿಕನ್‌ಹ್ಯಾಮ್‌ನಲ್ಲಿದೆ.

ಲಂಡನ್ ಸುತ್ತಮುತ್ತ ಇರುವವರು ಹೆಂಡನ್‌ನ ವಾಯುಪಡೆ ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ಯಬಹುದು, ಪ್ರವೇಶ ಉಚಿತ. ಅಲ್ಲಿ ಆರ್5868 ಸಂಖ್ಯೆಯ ಲ್ಯಾಂಕಾಸ್ಟರ್ ಇದೆ. ಅದರ ಬಲಗಡೆ ನಿಂತು, ಕಾಕ್‌ಪಿಟ್‌ನ ಗಾಜಿನಿಂದ ಒಳ ಎಂಜಿನ್‌ವರೆಗಿನ ದೂರವನ್ನು ತೋರಿಸಿ.