ಹಾಲ್ ತಾತ

ನಮ್ಮ ಕನ್ನಡ ಕೂಟದ ಮಕ್ಕಳೆಲ್ಲ ‘ಹಾಲ್ ತಾತ’ ಎಂದು ಕರೆಯುತ್ತಿದ್ದ ಹಿರಿಯರು ಕಳೆದ ತಿಂಗಳು ತೀರಿಕೊಂಡರು. ಅವರಿಗೆ 91 ವರ್ಷವಾಗಿತ್ತು. ಕನ್ನಡದವರಲ್ಲ, ಭಾರತದವರೂ ಅಲ್ಲ, ಇಲ್ಲೇ ಅಮೆರಿಕದ ಒಹಾಯೋದಲ್ಲೇ ಹುಟ್ಟಿ ಬೆಳೆದವರು. ಹೆಸರು ಅಚ್ಚು ಹಾಕುವುದು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ನಮ್ಮ ಓದುಗರಿಗೆ ಹಾಲ್ ತಾತ ಎಂದರೆ ಸಾಕು, ಮುಖ ಕಣ್ಣ ಮುಂದೆ ಬರುತ್ತದೆ.

ನಾವು ಯುಗಾದಿ, ರಾಜ್ಯೋತ್ಸವ ಮಾಡುವ ಹಾಲ್ ಎಲ್ಕ್ಸ್ ಎಂಬ ಸಂಘದ ಇಲ್ಲಿನ ಶಾಖೆಯದು, ಶಾಖೆಗೆ ಅವರು ಲಾಡ್ಜ್ ಎನ್ನುತ್ತಾರೆ. ಅದು ನಮಗೆ ಸಿಕ್ಕಿದ್ದು ತಾತನಿಂದ. ಆಗ ಕೂಟದ ಹತ್ತಿರ ದುಡ್ಡಿರಲಿಲ್ಲ. ಮಸಾಲೆ ವಾಸನೆ ಗೋಡೆಗೆ ಹಿಡಿಯುತ್ತದೆ ಎಂದು ಹೇಳಿ ಒಂದೆರಡು ಕಡೆ ನಮಗೆ ಜಾಗ ಕೊಟ್ಟಿರಲಿಲ್ಲ. ಇವರು ಲಾಡ್ಜಿನ ಸಭೆಯಲ್ಲಿ ನಮ್ಮ ಪರವಾಗಿ ಮಾತಾಡಿದರು. ಕೀಲಿಕೈಯ ಜವಾಬ್ದಾರಿ ನನ್ನದು ಎಂದರು. ಆಮೇಲೆ ಪ್ರತಿ ಹಬ್ಬಕ್ಕೂ ನಮಗಿಂತ ಮುಂಚೆ ಬಂದು ಬಾಗಿಲು ತೆಗೆದರು. ಬಿಸಿಬೇಳೆ ಬಾತಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಬಂದು ಫ್ಯಾನುಗಳನ್ನೆಲ್ಲ ಹಾಕುತ್ತಿದ್ದರು. ಮೊದಲ ವರ್ಷ ಒಣಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಹೊಡೆದುಕೊಂಡಿತ್ತು, ಅದನ್ನು ಅವರು ಮರೆಯಲೇ ಇಲ್ಲ. ನಮ್ಮ ಹೆಂಗಸರ ಮೇಲೆ ಒಂದು ಮಾತೂ ಆಡದೆ, ಆ ಕೆಲಸವನ್ನು ತಮ್ಮದು ಮಾಡಿಕೊಂಡರು.

ಎಲ್ಕ್ಸ್ ಬಗ್ಗೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1868ರಲ್ಲಿ ನ್ಯೂಯಾರ್ಕಿನಲ್ಲಿ ನಾಟಕ, ಹಾಡು ಮಾಡಿಕೊಂಡಿದ್ದವರು ಕಟ್ಟಿದ ಸಂಘ ಅದು. ಮೊದಲು ಬರೀ ಸೇರಿ ಕುಡಿದು ನಗುವ ಗೆಳೆಯರ ಗುಂಪಾಗಿತ್ತು. ಅವರಲ್ಲೊಬ್ಬ ತೀರಿಕೊಂಡಾಗ ಹೆಂಡತಿ ಮಕ್ಕಳಿಗೆ ಏನೂ ಇರಲಿಲ್ಲ. ಆಗ ಉಳಿದವರಿಗೆ, ನಾವು ಒಬ್ಬರಿಗೊಬ್ಬರು ಆಗಬೇಕು ಅನ್ನಿಸಿತು. ಇಂದಿಗೂ ರಾತ್ರಿ ಹನ್ನೊಂದು ಗಂಟೆಗೆ ಲಾಡ್ಜಿನಲ್ಲಿ ಕೂತವರು ಮಾತು ನಿಲ್ಲಿಸಿ, ಈಗ ಜೊತೆಯಲ್ಲಿಲ್ಲದ ಸದಸ್ಯರನ್ನು ನೆನೆಯುತ್ತಾರೆ.

ಮಾಜಿ ಸೈನಿಕರ ಕೆಲಸ ಎಂದರೆ ತಾತನಿಗೆ ಎಲ್ಲಕ್ಕಿಂತ ಹೆಚ್ಚು. ಬೇಟೆಯ ಕಾಲ ಬಂತೆಂದರೆ ತಮ್ಮ ಹಳೆಯ ಪಿಕಪ್ ತಗೊಂಡು ಬೇಟೆಗಾರರ ಹತ್ತಿರ ಹೋಗಿ ಜಿಂಕೆ ಚರ್ಮ ಕೇಳಿ ತರುತ್ತಿದ್ದರು. ಅದನ್ನು ಎಲ್ಕ್ಸ್‌ನವರು ಹದ ಮಾಡಿಸಿ, ಗಾಲಿಕುರ್ಚಿಯಲ್ಲಿ ಓಡಾಡುವ ಮಾಜಿ ಸೈನಿಕರಿಗೆ ಕೈಗವಸು ಮಾಡಿಸಿ ಕೊಡುತ್ತಾರೆ. ಗಾಲಿ ತಳ್ಳಿ ತಳ್ಳಿ ಅಂಗೈ ಸುಲಿಯುತ್ತದೆ ನೋಡಿ, ಅದಕ್ಕೆ. ನಮ್ಮಲ್ಲಿ ಮಾಂಸ ಮುಟ್ಟದ ಮನೆಗಳೇ ಜಾಸ್ತಿ. ಆದರೂ ಒಂದು ವರ್ಷ ಅವರ ಬೆನ್ನು ಹಿಡಿದುಕೊಂಡಾಗ, ಆ ಗಾಡಿ ಓಡಿಸಿಕೊಂಡು ಹೋದವರು ನಮ್ಮ ಕೂಟದ ಇಬ್ಬರು ಹುಡುಗರು. ಮೂರನೇ ಕ್ಲಾಸಿನ ಮಕ್ಕಳಿಗೆ ಶಾಲೆಯಲ್ಲಿ ಎಲ್ಕ್ಸ್ ಹೆಸರಲ್ಲಿ ನಿಘಂಟು ಹಂಚುತ್ತಿದ್ದವರೂ ಇವರೇ. ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿ ಆ ಪುಸ್ತಕ ಇದೆ.

ಅವರು ಕೊರಿಯಾ ಯುದ್ಧದ ಸೈನಿಕ. ಆ ಯುದ್ಧದ ಮಾಜಿ ಸೈನಿಕರು ಹಾಕುವ ಟೋಪಿ ಇಲ್ಲದೆ ಅವರನ್ನು ನೋಡಿದವರು ಕಡಿಮೆ. ಆದರೆ ಯುದ್ಧದ ಮಾತು ತೆಗೆದರೆ ಸುಮ್ಮನಾಗುತ್ತಿದ್ದರು. ಒಂದು ರಾಜ್ಯೋತ್ಸವದ ಊಟದ ಹೊತ್ತಿಗೆ ಮಾತ್ರ ತಾವಾಗಿಯೇ ಶುರು ಮಾಡಿದರು. 1953ರಲ್ಲಿ ಗುಂಡಿನ ಸದ್ದು ನಿಂತ ಮೇಲೆ, ಊರಿಗೆ ವಾಪಸ್ ಹೋಗುವುದಿಲ್ಲ ಎಂದ ಯುದ್ಧ ಕೈದಿಗಳನ್ನು ಕಾಯುವ ಕೆಲಸ ಭಾರತದ ಸೇನೆಗೆ ಬಂತು. ಅಂಥ ಕೈದಿಗಳು 22 ಸಾವಿರಕ್ಕೂ ಹೆಚ್ಚು. ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಬಾರದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಅದಕ್ಕೆ ಅಮೆರಿಕದವರು ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಿ ಗಡಿಯ ಮಧ್ಯದ ಜಾಗದಲ್ಲಿ ಇಳಿಸಿದರು. ಐದು ಸಾವಿರಕ್ಕೂ ಹೆಚ್ಚು ಜನ, ಸ್ವಲ್ಪ ಸ್ವಲ್ಪವಾಗಿ. ಅವರು ಇಳಿಯುವುದನ್ನು ದೂರದಿಂದ ನಿಂತು ನೋಡಿದವರಲ್ಲಿ ನಮ್ಮ ತಾತನೂ ಒಬ್ಬರು, ಆಗ ಇನ್ನೂ ಹತ್ತೊಂಬತ್ತರ ಹುಡುಗ. ಆ ಕೈದಿಗಳ ವಿಚಾರ ನೋಡಿಕೊಳ್ಳುವ ಐದು ದೇಶಗಳ ಆಯೋಗಕ್ಕೆ ಒಬ್ಬ ಭಾರತೀಯ ಜನರಲ್ ಮುಖ್ಯಸ್ಥರಾಗಿದ್ದರು, ಎರಡೂ ಕಡೆಯವರ ಬೈಗುಳ ತಿಂದರೂ ಮನುಷ್ಯ ಅಲುಗಲಿಲ್ಲ ಎಂದರು. ‘ತಿಮಾಯಾ’ ಎಂದೇನೋ ಹೆಸರು ಎಂದರು.

ಅದೇ ಟೇಬಲ್ಲಿನಲ್ಲಿ ನಮ್ಮ ಕೊಡವ ದಂಪತಿ ಕೂತಿದ್ದರು. ಆ ಅಕ್ಕ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ, “ಅವರು ನಮ್ಮ ಮಡಿಕೇರಿಯ ತಿಮ್ಮಯ್ಯನವರು” ಎಂದರು. ಆ ದಿನ ತಾತ ಮನೆಗೆ ಹೋಗಿದ್ದು ರಾತ್ರಿ ತುಂಬ ಹೊತ್ತಾದ ಮೇಲೆ. ತಿಮ್ಮಯ್ಯನವರು ಮುಂದೆ ಭಾರತದ ಸೇನೆಯ ಮುಖ್ಯಸ್ಥರಾಗಿದ್ದು, ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತ 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡಿದ್ದು, ಎಲ್ಲವನ್ನೂ ಕೇಳಿ ತಿಳಿದುಕೊಂಡರು. 2021ರಲ್ಲಿ ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಮ್ಯೂಸಿಯಂ ಆಗಿ ತೆರೆದಾಗ, ಆ ಅಕ್ಕನ ತಮ್ಮ ಅಲ್ಲಿಂದ ಕಳಿಸಿದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಇವರಿಗೆ ಕೊಟ್ಟೆವು.

ಇನ್ನೊಂದು ವಿಷಯವನ್ನೂ ಬರೆಯಬೇಕು. ಬಿಟ್ಟರೆ ಈ ಬರಹ ಬರೀ ಹೊಗಳಿಕೆಯಾಗುತ್ತದೆ. ತಾತ ಸೇರಿದ ಕಾಲಕ್ಕೆ ಎಲ್ಕ್ಸ್‌ನಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. ಆ ನಿಯಮ ಹೋಗಿದ್ದು 1973ರಲ್ಲಿ. ಹೆಂಗಸರನ್ನು ಸೇರಿಸಿಕೊಂಡಿದ್ದು 1995ರಲ್ಲಿ. ಕಪ್ಪು ಜನ ಅದಕ್ಕೂ ಎಷ್ಟೋ ಮೊದಲೇ, 1898ರಲ್ಲಿ, ಇದೇ ಒಹಾಯೋದ ಸಿನ್ಸಿನಾಟಿಯಲ್ಲಿ ತಮ್ಮದೇ ಬೇರೆ ಎಲ್ಕ್ಸ್ ಕಟ್ಟಿಕೊಂಡಿದ್ದರು. ಅಂದರೆ ನಾವು ಹೋಳಿಗೆ ಬಡಿಸುವ ಆ ಹಾಲಿಗೆ ಒಂದು ಕಾಲದಲ್ಲಿ ನಮ್ಮಂಥವರು ಸದಸ್ಯರಾಗಿ ಕಾಲಿಡುವ ಹಾಗಿರಲಿಲ್ಲ.

ಇದನ್ನು ನಾನು ಅವರ ಹತ್ತಿರವೇ ಕೇಳಿದ್ದೆ. ಅವರು ಮಾತು ತಿರುಗಿಸಲಿಲ್ಲ. ಸೇರುವಾಗ ಆ ಸಾಲು ಓದಿಯೂ ಸಹಿ ಹಾಕಿದೆ, ಅದು ತಪ್ಪು ಎಂದರು. ಸೈನ್ಯದಲ್ಲಿ ಪಕ್ಕದಲ್ಲಿ ಮಲಗುತ್ತಿದ್ದವನು ಕಪ್ಪು ಹುಡುಗ, ಅವನನ್ನು ಊಟಕ್ಕೆ ಕರೆದುಕೊಂಡು ಬರಲಾಗದ ಜಾಗಕ್ಕೆ ನಾನು ಚಂದಾ ಕಟ್ಟುತ್ತಿದ್ದೆ ಎಂದರು. ನಿಯಮ ತೆಗೆಯಬೇಕು ಎಂದು ಲಾಡ್ಜಿನಲ್ಲಿ ಎದ್ದು ನಿಂತಾಗ ಇಬ್ಬರು ಆಪ್ತ ಗೆಳೆಯರು ಮಾತು ಬಿಟ್ಟರಂತೆ. ಹಾಗಾದರೆ ನೀವೇ ಬಿಟ್ಟು ಹೊರಗೆ ಬರಬಹುದಿತ್ತಲ್ವಾ ಎಂದೆ. “ನಾನೂ ಹೋಗಿಬಿಟ್ಟರೆ ಒಳಗೆ ಕೈ ಎತ್ತುವವರು ಯಾರು?” ಎಂದು ಕೇಳಿದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಹಾಲ್ ಕೊಡಿಸಿದ್ದಕ್ಕಿಂತ ಈ ಉತ್ತರದಿಂದ.

ಎಲ್ಕ್ಸ್ ಈಗ ಕರಗುತ್ತಿದೆ. 1980ರ ಹೊತ್ತಿಗೆ ದೇಶದಾದ್ಯಂತ 16 ಲಕ್ಷ ದಾಟಿದ್ದ ಸದಸ್ಯರು ಈಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದಾರೆ. ನಮ್ಮ ಲಾಡ್ಜಿನಲ್ಲಿ ಶುಕ್ರವಾರದ ಮೀನೂಟಕ್ಕೆ ಬಡಿಸುವ ಕೈಗಳೇ ಸಾಲುತ್ತಿಲ್ಲ. ನಾವು ಇಷ್ಟು ವರ್ಷ ಅವರ ಹಾಲಿನಲ್ಲಿ ಹಬ್ಬ ಮಾಡಿದ್ದೇವೆ, ಅವರ ಕೆಲಸಕ್ಕೆ ಕೈ ಹಾಕಿದ್ದು ಕಡಿಮೆ. ಇದು ನನಗೆ ನಿಜವಾಗಿ ನೋವಿನ ವಿಷಯ. ತಾತ ಶಿಫಾರಸು ಮಾಡಿ ನಮ್ಮಲ್ಲಿ ನಾಲ್ಕು ಜನರನ್ನು ಸದಸ್ಯರನ್ನಾಗಿ ಮಾಡಿಸಿದ್ದರು. ಇನ್ನಷ್ಟು ಜನ ಸೇರಲಿ ಎಂದು ಕೊನೆಯವರೆಗೂ ಕೇಳುತ್ತಿದ್ದರು.

ಅಂತ್ಯಕ್ರಿಯೆಗೆ ನಮ್ಮವರು ಮೂವತ್ತಕ್ಕೂ ಹೆಚ್ಚು ಜನ ಹೋಗಿದ್ದೆವು. ಸೇನೆಯಿಂದ ಬಂದ ಇಬ್ಬರು ಬಾವುಟ ಮಡಿಸಿ ಮಗಳ ಕೈಗೆ ಕೊಟ್ಟರು. ಲಾಡ್ಜಿನವರು ತಮ್ಮ ಪದ್ಧತಿಯಂತೆ ಬೀಳ್ಕೊಟ್ಟರು. ಸದಸ್ಯರ ತಪ್ಪನ್ನು ಮರಳ ಮೇಲೆ ಬರೆಯುತ್ತೇವೆ, ಗುಣವನ್ನು ಪ್ರೀತಿ ಮತ್ತು ನೆನಪಿನ ಹಲಗೆಯ ಮೇಲೆ ಬರೆಯುತ್ತೇವೆ ಎನ್ನುವುದು ಅವರ ಸಂಘದ ಮಾತು.

ಮಡಿದ ಸೈನಿಕರನ್ನು ಇಲ್ಲಿ ನೆನೆಯುವ ಮೆಮೋರಿಯಲ್ ಡೇಗೆ ಮುಂಚಿನ ಶನಿವಾರ ಸೈನಿಕರ ಸಮಾಧಿಗಳಿಗೆ ಸಣ್ಣ ಬಾವುಟ ನೆಡುವ ಕೆಲಸವನ್ನು ತಾತ ಪ್ರತಿ ವರ್ಷ ಮಾಡಿಸುತ್ತಿದ್ದರು. ಒಂದೊಂದು ಕಲ್ಲಿನ ಮೇಲಿನ ಹೆಸರನ್ನೂ ಮಕ್ಕಳ ಬಾಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು. ಈ ವರ್ಷ ಆ ಕೆಲಸವನ್ನು ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ವಹಿಸುವಂತೆ ಲಾಡ್ಜಿನವರನ್ನು ಕೇಳಿದೆವು, ಒಪ್ಪಿದ್ದಾರೆ. ಬೆಳಗ್ಗೆ ಎಂಟಕ್ಕೆ ಹಾಲ್ ಮುಂದೆ ಸೇರೋಣ. ತಿಂಡಿಗೆ ಉಪ್ಪಿಟ್ಟು, ಕಾಫಿ ಇರುತ್ತದೆ. ಡಿಸೆಂಬರ್ ಮೊದಲ ಭಾನುವಾರ ಲಾಡ್ಜಿನವರು ತೀರಿಕೊಂಡ ಸದಸ್ಯರನ್ನು ನೆನೆಯುವ ಸಭೆ ನಡೆಸುತ್ತಾರೆ. ಅಂದು ತಾತನ ಹೆಸರೂ ಓದುತ್ತಾರೆ. ಆ ದಿನದ ಊಟ ಕೂಟದ ಕಡೆಯಿಂದ. ಅಡುಗೆಗೆ ಬರುವವರು ಈಗಲೇ ಸಮಿತಿಗೆ ಹೆಸರು ಕೊಡಿ.