‘ಕರ್’ ಅಂದ್ರೆ ಕಂತ್ರಿ ನಾಯಿ ಅಲ್ಲ ಸ್ವಾಮಿ

ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಅಮೆರಿಕದ ದನದ ನಾಯಿಗಳ ಬಗ್ಗೆ ಬಂದಿದ್ದು ಓದಿ ಖುಷಿ ಆಯ್ತು, ಆದ್ರೆ ‘ಕರ್ ಡಾಗ್’ ಅನ್ನೋದನ್ನ ‘ಕಂತ್ರಿ ನಾಯಿ’ ಅಂತ ಹಾಕ್ಬಿಟ್ಟಿದೀರಲ್ಲ, ಸುಮ್ನಿರೋಕೆ ಆಗ್ಲಿಲ್ಲ. ಡಿಕ್ಷನರಿ ನೋಡಿದ್ರೆ ಸರಿನೇ ಇರ್ಬೋದು. ನಾನು ಹಿರಿಯೂರು ಕಡೆಯವನು, ಲೂಯಿಸಿಯಾನಕ್ಕೆ ಬಂದು ಒಂಬತ್ತು ವರ್ಷ ಆಯ್ತು, ಇಲ್ಲಿ ದನ ಸಾಕೋರ ಬಾಯಲ್ಲಿ ಕರ್ ಅನ್ನೋದು ಬೈಗುಳ ಅಲ್ಲ, ಕೆಲ್ಸದ ನಾಯಿ ಅಂತ. ಕಟಹೂಲ ಅನ್ನೋ ಕರ್ ನಾಯಿನ 1979ರಲ್ಲೇ ಈ ರಾಜ್ಯದ ನಾಯಿ ಅಂತ ಘೋಷಣೆ ಮಾಡಿದಾರೆ, ಕಂತ್ರಿಗೆ ಯಾರಾದ್ರೂ ಈ ಮರ್ಯಾದೆ ಕೊಡ್ತಾರಾ?

ಪಕ್ಕದ ಜಮೀನಿನ ಮುದುಕರ ಹತ್ರ ಒಂದು ಹೆಣ್ಣು ಕಟಹೂಲ ಇದೆ. ಹೋದ ಚಳಿಗಾಲ ಅವರ ಬ್ರಾಹ್ಮನ್ ಕ್ರಾಸ್ ಹಸುಗಳು (ಬ್ರಾಹ್ಮನ್ ಅಂದ್ರೆ ಭಾರತದ ದನಗಳಿಂದ ಅಮೆರಿಕದಲ್ಲಿ ಕಟ್ಟಿದ ತಳಿ, ಅದಕ್ಕೆ ನಮ್ಮ ಕೃಷ್ಣಾ ವ್ಯಾಲಿ ದನಾನೂ ಬಳಸಿದಾರೆ, ಗೊತ್ತಾ!) ಬೇಲಿ ಮುರ್ಕೊಂಡು ಜೌಗಿನ ಪೊದೆಗೆ ನುಗ್ಗಿದ್ವು, ಕುದುರೆನೂ ಕಾಲಿಡಲ್ಲ ಅಂಥ ಜಾಗ. ನಾಯಿ ಒಂದೇ ಒಳಗೆ ಹೋಯ್ತು. ಹತ್ತು ನಿಮಿಷ ಸದ್ದೇ ಇಲ್ಲ, ಆಮೇಲೆ ಎಲ್ಲೋ ದೂರದಲ್ಲಿ ಒಂದೇ ಸಮ ಬೊಗಳೋಕೆ ಶುರು. ಕುರಿ ಕಾಯೋ ಬಾರ್ಡರ್ ಕೋಲಿ ನಾಯಿ ಥರ ಬಾಗ್ಕೊಂಡು ಕಣ್ಣಲ್ಲೇ ಹೆದರ್ಸೋ ಗಿರಾಕಿ ಅಲ್ಲ ಇದು, ಎದುರಿಗೆ ನಿಂತು ಬೊಗಳಿ, ಸುತ್ತು ಹಾಕಿ, ನಾವು ಹೋಗಿ ಸೇರೋ ತನಕ ಎಲ್ಲವನ್ನೂ ಒಂದೇ ಕಡೆ ಗುಂಪಾಗಿ ತಡೆದು ನಿಲ್ಸುತ್ತೆ. ಒಂದು ಹಸು ತಪ್ಪಿಸ್ಕೊಳ್ಳೋಕೆ ನೋಡ್ತು, ನಾಯಿ ಅದರ ಮೂಗಿಗೆ ಬಾಯಿ ಹಾಕ್ತು, ಹಸು ತಿರುಗಿ ಗುಂಪಿಗೆ ಬಂದ ತಕ್ಷಣ ಬಿಡ್ತು. ‘ಆ ಬಿಡೋದನ್ನ ನೋಡಿನೇ ಮರಿ ಹಾಕ್ಸೋದು’ ಅಂದ್ರು ಮುದುಕರು. ಕಚ್ಚಿ ಬಿಡ್ದೆ ಇರೋ ನಾಯಿಯಿಂದ ಹಸುಗೆ ಗಾಯ, ಧೈರ್ಯ ಇಲ್ದೆ ಇರೋದನ್ನ ಹಸುನೇ ಒದ್ದು ಓಡ್ಸುತ್ತೆ, ಎರಡನ್ನೂ ಅವರು ಬ್ರೀಡಿಂಗ್‌ಗೆ ಬಳಸಲ್ಲ, ಎಷ್ಟೇ ಚೆಂದ ಇದ್ರೂ.

ಬಣ್ಣದ ವಿಷಯದಲ್ಲಂತೂ ಭಾರೀ ಹುಷಾರು. ಚಿರತೆ ಥರ ಮಚ್ಚೆ ಇರೋ ನಾಯಿಗೇ ಡಿಮ್ಯಾಂಡು, ಆದ್ರೆ ಮಚ್ಚೆಯ ಗಂಡಿಗೂ ಮಚ್ಚೆಯ ಹೆಣ್ಣಿಗೂ ಕೂಡಿಸಿದ್ರೆ ನಾಲ್ಕಕ್ಕೆ ಒಂದರ ಲೆಕ್ಕದಲ್ಲಿ ಮರಿಗೆ ಆ ಮಚ್ಚೆಯ ಜೀನ್ ಅಪ್ಪ-ಅಮ್ಮ ಎರಡೂ ಕಡೆಯಿಂದ ಬರುತ್ತೆ, ಅಂಥವು ಕಿವುಡು ಆಗೋದು, ಕಣ್ಣಿನ ದೋಷ ಬರೋದು ಜಾಸ್ತಿ. ಪೊದೆ ಒಳಗೆ ಹೋದ ಕಿವುಡು ನಾಯಿನ ವಾಪಸ್ ಕರೆಯೋದು ಹೆಂಗೆ? ಅದಕ್ಕೇ ಈ ಹೆಣ್ಣಿಗೆ ಮಚ್ಚೆನೇ ಇಲ್ದಿರೋ ಕರೀ ಗಂಡು ಹುಡುಕ್ಕೊಂಡು ಮೂರು ಗಂಟೆ ದಾರಿ ಹೋಗಿ ಬಂದ್ರು, ಅದೂ ಮೊದ್ಲು ಆ ಗಂಡು ದನ ತಡೆಯೋದನ್ನ ಒಂದು ಇಡೀ ದಿನ ನಿಂತು ನೋಡಿ.

ಇಷ್ಟೆಲ್ಲಾ ಆರಿಸಿ ಹುಟ್ಸಿದ ನಾಯಿ ಸ್ವಾಮಿ ಇದು. ಮುಂದಿನ ಸಲ ‘ಕರ್ ನಾಯಿ’ ಅಂತಲೇ ಹಾಕಿ, ಇಲ್ಲಾಂದ್ರೆ ‘ದನ ತಡೆಯೋ ನಾಯಿ’ ಅನ್ನಿ.

– ಹಿರಿಯೂರಿನ ಓದುಗ, ಈಗ ಲೂಯಿಸಿಯಾನ